ರಟ್ಟು ಅಲ್ಲಾಡುತ್ತಿದೆ, ಏನು ಮಾಡಲಿ?

ಹಳೇ ಗಟ್ಟಿರಟ್ಟಿನ ಪುಸ್ತಕಗಳ ದುರಸ್ತಿ ಕುರಿತು ಬಂದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಒಟ್ಟು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ. ಕೆಲವು ಪದಗಳು ಮತ್ತೆ ಮತ್ತೆ ಬರುತ್ತವೆ. ಹೊಲಿದ ಹಾಳೆಗಳ ಇಡೀ ಗಂಟು ‘ಹಾಳೆಕಟ್ಟು’. ಒಟ್ಟಿಗೆ ಮಡಿಚಿ ಹೊಲಿದ ಒಂದೊಂದು ಕಂತೆ ‘ಫಾರಂ’. ರಟ್ಟಿನ ಒಳಮೈಗೆ ಅಂಟಿಸಿದ ಮೊದಲ ಮತ್ತು ಕೊನೆಯ ಹಾಳೆ ‘ಅಸ್ತರು ಹಾಳೆ’. ರಟ್ಟು ಬಾಗಿಲಿನ ಹಾಗೆ ತಿರುಗುವ ಜಾಗ ‘ಕೀಲು’.

ಪ್ರ: ಐವತ್ತು ವರ್ಷದ ಹಿಂದಿನ ನಿಘಂಟು. ಹೊಲಿಗೆ ಗಟ್ಟಿಯಾಗಿಯೇ ಇದೆ. ಆದರೆ ಎತ್ತಿದರೆ ಹಾಳೆಗಳೆಲ್ಲ ರಟ್ಟಿನಿಂದ ಜೋತುಬೀಳುತ್ತವೆ. ಬೆನ್ನಿನೊಳಗೆ ಅಂಟು ಸುರಿದರೆ ಸಾಕೇ?

ಉ: ಸುರಿಯಬೇಡಿ. ಗಟ್ಟಿರಟ್ಟಿನ ಪುಸ್ತಕದ ಬೆನ್ನು ಟೊಳ್ಳು. ಹೊರಗಿನ ಬಟ್ಟೆಗೂ ಒಳಗಿನ ಹಾಳೆಕಟ್ಟಿಗೂ ನಡುವೆ ಬೇಕೆಂದೇ ಜಾಗ ಬಿಟ್ಟಿರುತ್ತಾರೆ. ಪುಸ್ತಕ ತೆರೆದಾಗ ಹಾಳೆಕಟ್ಟು ಒಳಕ್ಕೆ ಬಾಗುತ್ತದೆ, ಬೆನ್ನಿನ ಬಟ್ಟೆ ಹೊರಕ್ಕೆ ಉಬ್ಬುತ್ತದೆ. ಅಲ್ಲಿ ಅಂಟು ತುಂಬಿದರೆ ಎರಡೂ ಒಂದಾಗಿ, ಪುಸ್ತಕ ಅರ್ಧಕ್ಕಿಂತ ಹೆಚ್ಚು ತೆರೆಯುವುದೇ ಇಲ್ಲ. ಬಲವಂತ ಮಾಡಿದರೆ ಹೊಲಿಗೆ ಹರಿಯುತ್ತದೆ.

ಹಾಳೆಕಟ್ಟನ್ನು ರಟ್ಟಿಗೆ ಹಿಡಿದಿಡುವುದು ಬೆನ್ನಲ್ಲ, ಕೀಲು. ಹಾಳೆಕಟ್ಟಿನ ಬೆನ್ನಿಗೆ ಅಂಟಿಸಿದ ಜಾಳುಬಟ್ಟೆ ಎರಡೂ ಕಡೆ ಎರಡೆರಡು ಸೆಂಟಿಮೀಟರಿನಷ್ಟು ಚಾಚಿ, ಅಸ್ತರು ಹಾಳೆಯ ಕೆಳಗೆ ರಟ್ಟಿಗೆ ಅಂಟಿಕೊಂಡಿರುತ್ತದೆ. ಪುಸ್ತಕದ ಭಾರವೆಲ್ಲ ಹೊರುವುದು ಆ ಬಟ್ಟೆ ಮತ್ತು ಒಂದು ಹಾಳೆ. ಕಪಾಟಿನಲ್ಲಿ ನೇರ ನಿಂತ ದಪ್ಪ ಪುಸ್ತಕದ ಹಾಳೆಕಟ್ಟು ನೆಲ ಮುಟ್ಟಿರುವುದಿಲ್ಲ. ರಟ್ಟುಗಳು ಮೂರು ಮಿಲಿಮೀಟರಿನಷ್ಟು ಹೊರಚಾಚಿರುವುದರಿಂದ ಅದು ಕೀಲಿನಲ್ಲಿ ನೇತಾಡುತ್ತಿರುತ್ತದೆ. ನಿಘಂಟುಗಳಿಗೆ ಮೊದಲು ಈ ರೋಗ ಬರುವುದು ಇದಕ್ಕೇ.

ಮೊದಲು ನೋಡಬೇಕಾದ್ದು ಅಸ್ತರು ಹಾಳೆ ಕೀಲಿನಲ್ಲಿ ಹರಿದಿದೆಯೇ, ಅಥವಾ ಹರಿಯದೆ ಬರೀ ಬಿಟ್ಟುಕೊಂಡಿದೆಯೇ ಎನ್ನುವುದು. ಪುಸ್ತಕವನ್ನು ನೇರ ನಿಲ್ಲಿಸಿ, ಮುಂದಿನ ರಟ್ಟನ್ನು ಸ್ವಲ್ಪ ಸಡಿಲಿಸಿ ಮೇಲಿನಿಂದ ಬಗ್ಗಿ ನೋಡಿ. ಕೀಲಿನ ಪಕ್ಕದಲ್ಲಿ, ರಟ್ಟಿಗೂ ಅಸ್ತರು ಹಾಳೆಗೂ ನಡುವೆ ಸುರಂಗದಂಥ ಸಂದು ಕಂಡರೆ ಅದು ಬರೀ ಬಿಟ್ಟುಕೊಂಡಿದ್ದು. ಅದಕ್ಕೆ ಮದ್ದು ಸುಲಭ.

2 ಮಿಲಿಮೀಟರ್ ದಪ್ಪದ ಉದ್ದನೆಯ ಹೆಣಿಗೆ ಕಡ್ಡಿಯನ್ನು ಪಿವಿಎ (ಪಾಲಿವಿನೈಲ್ ಅಸಿಟೇಟ್) ಎಂಬ ಬಿಳಿ ಅಂಟಿನಲ್ಲಿ ಅದ್ದಿ, ತೊಟ್ಟಿಕ್ಕದಂತೆ ಡಬ್ಬಿಯ ಬಾಯಿಗೆ ಒರೆಸಿ. ಸಂದಿನೊಳಗೆ ಇಳಿಸಿ, ಬೆರಳಲ್ಲಿ ಹೊರಳಿಸುತ್ತಾ ಅಂಟು ಬಳಿಯಿರಿ. ಅರ್ಧ ಮೇಲಿನಿಂದ, ಉಳಿದರ್ಧ ಪುಸ್ತಕವನ್ನು ತಲೆಕೆಳಗು ಮಾಡಿ. ಕಡ್ಡಿ ರಟ್ಟಿನ ಕಡೆಗೇ ಇರಲಿ, ಬೆನ್ನಿನ ಟೊಳ್ಳಿಗೆ ಜಾರಬಾರದು. ಎರಡೂ ಕೀಲು ಮುಗಿದ ಮೇಲೆ ರಟ್ಟಿಗೂ ಮೊದಲ ಬಿಡಿ ಹಾಳೆಗೂ (ರಟ್ಟಿಗೆ ಅಂಟಿಸದ ಮೊದಲ ಹಾಳೆ) ನಡುವೆ ಮೇಣಕಾಗದ ಇಟ್ಟು ಪುಸ್ತಕ ಮುಚ್ಚಿ. ಹೊರಗೆ ಕೀಲಿನ ತೋಡಿನಲ್ಲಿ ಬೋನ್ ಫೋಲ್ಡರಿನ (ಕಾಗದ ಮಡಿಚಿ ಒತ್ತುವ ಚಪ್ಪಟೆ ಪಟ್ಟಿ) ಅಂಚಿನಿಂದ ಗೀಚಿದ ಹಾಗೆ ಒತ್ತಿ, ಆ ತೋಡಿನಲ್ಲೇ 3 ಮಿಲಿಮೀಟರಿನ ಕಡ್ಡಿಯೊಂದನ್ನು ಎರಡೂ ಕಡೆ ಮಲಗಿಸಿ, ಮೇಲೊಂದು ಕೆಳಗೊಂದು ಹಲಗೆ ಇಟ್ಟು ಮೂರ್ನಾಲ್ಕು ಕಿಲೋ ಭಾರ ಹೇರಿ. ಮರುದಿನದವರೆಗೆ ಮುಟ್ಟಬೇಡಿ. ಒಂದು ಗಂಟೆಯಾದ ಮೇಲೆ ‘ಹಿಡಿದಿದೆಯಾ’ ಎಂದು ತೆರೆದು ನೋಡುವ ಕುತೂಹಲದಿಂದಲೇ ಈ ಕೆಲಸ ಅರ್ಧಕ್ಕರ್ಧ ಕೆಡುವುದು.

ಅಸ್ತರು ಹಾಳೆ ಹರಿದಿದ್ದು, ಒಳಗಿನ ಜಾಳುಬಟ್ಟೆ ಗಟ್ಟಿಯಿದ್ದರೆ, 20 ಮಿಲಿಮೀಟರ್ ಅಗಲದ ಜಪಾನೀ ಕಾಗದದ ಪಟ್ಟಿಯನ್ನು ಗೋಧಿಪಿಷ್ಟದ ಸರಿಯಿಂದ (ಬೇಯಿಸಿ ಮಾಡಿದ ಅಂಟು, ವಿಧಾನ ಮುಂದಿದೆ) ಕೀಲಿನ ಒಳಮೂಲೆಗೆ ಅಂಟಿಸಿ. ಅರ್ಧ ರಟ್ಟಿನ ಮೇಲೆ, ಅರ್ಧ ಬಿಡಿ ಹಾಳೆಯ ಮೇಲೆ ಬರಬೇಕು. ಪಟ್ಟಿಯನ್ನು ಬಿಗಿಯಾಗಿ ಎಳೆಯದೆ ಮೂಲೆಯೊಳಕ್ಕೆ ಒತ್ತಿ ಕೂರಿಸಿ. ಬಿಗಿ ಮಾಡಿದರೆ ರಟ್ಟು ಪೂರ್ತಿ ಮುಚ್ಚುವುದಿಲ್ಲ. ಜಾಳುಬಟ್ಟೆಯೂ ಹರಿದಿದ್ದರೆ ಹಾಳೆಕಟ್ಟನ್ನು ರಟ್ಟಿನಿಂದ ಪೂರ್ತಿ ಬಿಡಿಸಿ ಹೊಸ ಬಟ್ಟೆ ಹಾಕಬೇಕು. ಅದು ಮೊದಲ ಪುಸ್ತಕದಲ್ಲಿ ಕಲಿಯುವ ಕೆಲಸವಲ್ಲ.

ಪ್ರ: ಯಾವ ಅಂಟು? ಒಬ್ಬರು ಪಿವಿಎ ಅನ್ನುತ್ತಾರೆ, ಇನ್ನೊಬ್ಬರು ಮೈದಾ ಸರಿಯೇ ಸಾಕು ಅನ್ನುತ್ತಾರೆ.

ಉ: ಜಾಗ ನೋಡಿ ಅಂಟು. ಅಕ್ಷರವಿರುವ ಹಾಳೆಗೆ ನೀರಿನಲ್ಲಿ ಬಿಡಿಸಲು ಬರುವ ಸರಿ. ಬಟ್ಟೆ, ರಟ್ಟು, ಕೀಲಿಗೆ ಪಿವಿಎ. ಇದೊಂದು ನಿಯಮ ನೆನಪಿದ್ದರೆ ದೊಡ್ಡ ತಪ್ಪು ಆಗುವುದಿಲ್ಲ. ಪಿವಿಎ ಒಣಗಿದ ಮೇಲೆ ನೀರಿಗೆ ಕರಗದು. ಹಾಳೆ ಓರೆಯಾಗಿ ಅಂಟಿದರೆ ಅದು ಹಾಗೇ. ಡಬ್ಬಿಯ ಮೇಲೆ ‘ಆಮ್ಲರಹಿತ’ ಎಂದಿರುವುದನ್ನೇ ಕೊಳ್ಳಿ. ಮರಗೆಲಸದ ಬಿಳಿ ಅಂಟು ಒಣಗಿದ ಮೇಲೆ ಬಾಗದೆ ಸೆಟೆದುಕೊಳ್ಳುತ್ತದೆ. ರಬ್ಬರ್ ಸಿಮೆಂಟ್, ಗ್ಲೂ ಸ್ಟಿಕ್, ಬಿಸಿ ಅಂಟಿನ ಗನ್ ಹತ್ತಿರವೂ ಬೇಡ.

ಮೈದಾ ಬೇಡ ಅನ್ನುವುದಕ್ಕೆ ಕಾರಣವಿದೆ. ಅದರಲ್ಲಿ ಪಿಷ್ಟದ ಜೊತೆ ಗ್ಲೂಟೆನ್ ಎಂಬ ಪ್ರೋಟೀನ್ ಇರುತ್ತದೆ. ಅದು ಕಾಲಕ್ರಮೇಣ ಹಳದಿಯಾಗಿ ಗಟ್ಟಿಯಾಗುತ್ತದೆ, ಹುಳಕ್ಕೂ ಪ್ರಿಯ. ಗ್ಲೂಟೆನ್ ತೆಗೆದ ಗೋಧಿಪಿಷ್ಟ ಕೊಳ್ಳಿ. ಒಂದು ಭಾಗ ಪಿಷ್ಟಕ್ಕೆ ನಾಲ್ಕು ಭಾಗ ತಣ್ಣೀರು ಹಾಕಿ ಅರ್ಧ ಗಂಟೆ ನೆನೆಸಿಡಿ. ಸಣ್ಣ ಉರಿಯಲ್ಲಿ ಕೈಬಿಡದೆ ಕದಡುತ್ತಿರಿ. ಮೊದಲು ಹಾಲಿನಂತೆ ಇದ್ದದ್ದು ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ಅನೇಕರು ಇಲ್ಲೇ ಇಳಿಸಿಬಿಡುತ್ತಾರೆ, ಅದು ಅರೆಬೆಂದದ್ದು, ಹಿಡಿತ ಕಮ್ಮಿ. ಇನ್ನೂ ಹದಿನೈದಿಪ್ಪತ್ತು ನಿಮಿಷ ಕದಡಿ, ಬಿಳುಪು ಹೋಗಿ ಮಂಜುಗಾಜಿನಂತೆ ಅರೆಪಾರದರ್ಶಕವಾಗಿ, ಸೌಟಿನಿಂದ ಹಾಳೆ ಹಾಳೆಯಾಗಿ ಬೀಳುವಾಗ ಇಳಿಸಿ. ಪೂರ್ತಿ ತಣ್ಣಗಾದ ಮೇಲೆ ಸಣ್ಣ ಜರಡಿಯಲ್ಲಿ ಎರಡು ಸಲ ಒತ್ತಿ ಸೋಸಿ. ಬೇಕಾದಷ್ಟನ್ನು ಮಾತ್ರ ಬಟ್ಟಲಿಗೆ ತೆಗೆದು, ಬ್ರಷ್ಷಿನಲ್ಲಿ ಅರೆಯುತ್ತಾ ಚೂರುಚೂರೇ ನೀರು ಸೇರಿಸಿ. ಹರಿದ ಹಾಳೆಗೆ ಕೆನೆಯ ಹದ, ಕೀಲಿನ ಒಳಮೂಲೆಯ ಕಾಗದದ ಪಟ್ಟಿಗೆ ಗಟ್ಟಿ ಮೊಸರಿನ ಹದ. ಫ್ರಿಜ್ಜಿನಲ್ಲಿ ಐದಾರು ದಿನ ಇರುತ್ತದೆ. ಹುಳಿ ವಾಸನೆ ಬಂದರೆ, ನೀರು ಬಿಟ್ಟುಕೊಂಡರೆ ಎಸೆಯಿರಿ.

ಕೆಡದಿರಲಿ ಎಂದು ಮೈಲುತುತ್ತ ಹಾಕುವ ಹಳೆಯ ಅಭ್ಯಾಸವೊಂದಿದೆ. ಹುಳ ಬರುವುದಿಲ್ಲ, ನಿಜ. ಆದರೆ ತಾಮ್ರದ ಅಂಶ ಕಾಗದದ ನಾರು ಗಾಳಿಗೆ ಬೇಗ ಶಿಥಿಲವಾಗುವಂತೆ ಮಾಡುತ್ತದೆ. ಬೇಡ.

ಪಿವಿಎ ಬೇಗ ಒಣಗಿ ಕೈಕೊಡುತ್ತದೆ ಎನ್ನುವವರು ಮೀಥೈಲ್ ಸೆಲ್ಯುಲೋಸ್ ಪುಡಿಯನ್ನು 100 ಮಿಲಿಲೀಟರ್ ನೀರಿಗೆ 3 ಗ್ರಾಂನಂತೆ ಕಲಸಿ ರಾತ್ರಿಯಿಡೀ ಬಿಟ್ಟು, ಆ ಲೋಳೆಯನ್ನು 60 ಭಾಗ ಪಿವಿಎಗೆ 40 ಭಾಗದಂತೆ ಬೆರೆಸಿ. ಕೂಡಿಸಿ ಸರಿಪಡಿಸಲು ಇನ್ನಷ್ಟು ನಿಮಿಷ ಸಿಗುತ್ತದೆ.

ಪ್ರ: ಹಾಳೆ ನಡುವಿನವರೆಗೆ ಹರಿದಿದೆ. ಟೇಪ್ ಅಂಟಿಸಬಾರದು ಎಂದು ಗೊತ್ತು. ಮತ್ತೇನು ಮಾಡಬೇಕು?

ಉ: 10ರಿಂದ 12 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ) ತೂಕದ ಜಪಾನೀ ಕಾಗದ ಬೇಕು. ಅದರ ನಾರು ಉದ್ದ, ಹಾಗಾಗಿ ತೆಳ್ಳಗಿದ್ದರೂ ಗಟ್ಟಿ. ಕತ್ತರಿಯಲ್ಲಿ ಕತ್ತರಿಸಬೇಡಿ. ಕತ್ತರಿಸಿದ ಅಂಚು ಚೂಪಾಗಿದ್ದು, ಹಾಳೆ ತಿರುವಿದಾಗಲೆಲ್ಲ ಅದೇ ಗೆರೆಯಲ್ಲಿ ಮಡಿಚಿ ಮತ್ತೆ ಅಲ್ಲೇ ಹರಿಯುತ್ತದೆ. ಸಣ್ಣ ಬ್ರಷ್ಷಿನಿಂದ ಬರೀ ನೀರಿನ ಗೆರೆ ಎಳೆದು, ಎರಡೂ ಕಡೆ ಮೆಲ್ಲಗೆ ಎಳೆಯಿರಿ. ಅಂಚಿನಲ್ಲಿ ಎರಡು ಮೂರು ಮಿಲಿಮೀಟರ್ ಉದ್ದದ ನಾರುಗಳು ಗಡ್ಡದಂತೆ ಬಿಚ್ಚಿಕೊಳ್ಳುತ್ತವೆ. ಆ ಗಡ್ಡವೇ ಹಾಳೆಯೊಳಗೆ ಬೆರೆತು ಹಿಡಿಯುವುದು. ಪಟ್ಟಿ 8ರಿಂದ 10 ಮಿಲಿಮೀಟರ್ ಅಗಲ ಸಾಕು.

ಹರಿದ ಅಂಚುಗಳನ್ನು ಬೆಳಕಿಗೆ ಹಿಡಿದು ನೋಡಿ. ಸಾಮಾನ್ಯವಾಗಿ ಒಂದು ತುಟಿ ಇನ್ನೊಂದರ ಮೇಲೆ ಓರೆಯಾಗಿ ಕೂರುತ್ತದೆ. ಅಕ್ಷರವಿರುವ ತುಟಿ ಮೇಲೆ, ಬಿಳಿ ನಾರಿನದು ಕೆಳಗೆ ಬರಬೇಕು. ತಪ್ಪಿದರೆ ಪದಗಳ ನಡುವೆ ಬಿಳಿ ಗೀರು ಉಳಿಯುತ್ತದೆ. ಹಾಳೆಯ ಕೆಳಗೆ ಅಂಟದ ಪಾಲಿಯೆಸ್ಟರ್ ಬಟ್ಟೆ, ಅದರ ಕೆಳಗೆ ತೇವ ಹೀರುವ ಒತ್ತುಕಾಗದ ಇಡಿ. ಪಟ್ಟಿಯನ್ನು ಗಾಜಿನ ಮೇಲಿಟ್ಟು ತೆಳ್ಳಗೆ ಸರಿ ಬಳಿದು, ಚಿಮಟದಲ್ಲಿ ಎತ್ತಿ, ಅಕ್ಷರ ಕಡಿಮೆ ಇರುವ ಬದಿಯಿಂದ ಹರಿದ ಗೆರೆಯ ಮೇಲೆ ಮಲಗಿಸಿ. ಗಡ್ಡವನ್ನು ಒಣ ಬ್ರಷ್ಷಿನಿಂದ ಹೊರಮುಖವಾಗಿ ತಟ್ಟಿ. ಮೇಲೆ ಮತ್ತೆ ಪಾಲಿಯೆಸ್ಟರ್, ಒತ್ತುಕಾಗದ, ಭಾರ. ಹತ್ತು ನಿಮಿಷಕ್ಕೆ ಒತ್ತುಕಾಗದ ಬದಲಿಸಿ, ಆಮೇಲೆ ಎರಡು ಗಂಟೆ ಬಿಡಿ. ಉದ್ದ ಹರಿದಿದ್ದರೆ ಐದಾರು ಸೆಂಟಿಮೀಟರಿನ ತುಂಡುಗಳಾಗಿ, ಒಳತುದಿಯಿಂದ ಅಂಚಿನ ಕಡೆಗೆ ಬನ್ನಿ.

ಒಣಗಿದ ಮೇಲೆ ಪಟ್ಟಿಯ ಸುತ್ತ ಕಂದು ಗೆರೆ ಮೂಡಿದರೆ ಸರಿ ತೀರಾ ನೀರಾಗಿತ್ತು ಎಂದರ್ಥ. ನೀರು ಹರಡುತ್ತಾ ಕಾಗದದ ಕೊಳೆಯನ್ನು ಅಂಚಿಗೆ ತಳ್ಳಿಕೊಂಡು ಹೋಗಿರುತ್ತದೆ. ಹಾಳೆ ಸುಕ್ಕಾದರೆ ನಾರಿನ ದಿಕ್ಕು ತಪ್ಪಿದೆ. ಕಾಗದ ಒದ್ದೆಯಾದಾಗ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ತೀರಾ ಕಮ್ಮಿ. ಯಾವ ದಿಕ್ಕು ಎಂದು ತಿಳಿಯಲು ಕಾಗದವನ್ನು ಮಡಿಚದೆ ಬರೀ ಬಾಗಿಸಿ ಅಂಗೈಯಲ್ಲಿ ಒತ್ತಿ ನೋಡಿ. ಯಾವ ಕಡೆ ಸುಲಭವಾಗಿ ಬಾಗಿತೋ ಆ ಮಡಿಕೆಗೆ ಸಮಾಂತರವಾಗಿ ನಾರಿದೆ. ಪುಸ್ತಕದಲ್ಲಿ ರಟ್ಟು, ಬಟ್ಟೆ, ಕಾಗದ ಎಲ್ಲದರ ನಾರೂ ಬೆನ್ನಿಗೆ ಸಮಾಂತರ ಇರಬೇಕು. ಹರಿದ ಹಾಳೆಗೆ ಮಾತ್ರ, ಹಾಳೆಯ ನಾರು ಯಾವ ಕಡೆಗಿದೆಯೋ ಪಟ್ಟಿಯದೂ ಅದೇ ಕಡೆಗಿದ್ದರೆ ಒಳ್ಳೆಯದು.

ನುಣುಪಾದ ಆರ್ಟ್ ಪೇಪರಿಗೆ ಈ ವಿಧಾನ ಬೇಡ. ನೀರು ತಾಗಿದರೆ ಅದರ ಲೇಪ ಎದ್ದುಬರುತ್ತದೆ.

ಪ್ರ: ಹಿಂದೆ ಯಾರೋ ಅಂಟಿಸಿದ ಸೆಲೋ ಟೇಪ್ ಈಗ ಹಳದಿಯಾಗಿದೆ. ಕಿತ್ತರೆ ಅಕ್ಷರವೂ ಕಿತ್ತುಬರುತ್ತಿದೆ.

ಉ: ಕೀಳುವುದನ್ನು ನಿಲ್ಲಿಸಿ. ಟೇಪಿನ ಅಂಟು ಮೊದಲು ಎಣ್ಣೆಯಂತೆ ಕರಗಿ ಕಾಗದದೊಳಕ್ಕೆ ಇಳಿಯುತ್ತದೆ, ಆಮೇಲೆ ಗಾಳಿ ಬೆಳಕಿಗೆ ಗಟ್ಟಿಯಾಗಿ ಕಂದಾಗುತ್ತದೆ. ಆ ಹೊತ್ತಿಗೆ ಮೇಲಿನ ಪ್ಲಾಸ್ಟಿಕ್ ತಾನಾಗಿ ಉದುರುತ್ತದೆ. ನಿಮ್ಮದು ಇನ್ನೂ ಉದುರಿಲ್ಲವಾದರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, 15 ಸೆಂಟಿಮೀಟರ್ ದೂರದಿಂದ ಕೆಲವು ಸೆಕೆಂಡು ಹಿಡಿಯಿರಿ. ತೆಳು ಸ್ಪ್ಯಾಚುಲಾ ತೂರಿಸಿ ತುದಿ ಎಬ್ಬಿಸಿ, ಪ್ಲಾಸ್ಟಿಕ್ಕನ್ನು ಮೇಲಕ್ಕೆತ್ತದೆ ಅದರ ಮೇಲೇ ಹಿಂದಕ್ಕೆ ಮಡಿಚಿದಂತೆ, ಹಾಳೆಗೆ ಒತ್ತಿಕೊಂಡೇ ಎಳೆಯಿರಿ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್. ಉಳಿದ ಜಿಗುಟನ್ನು ಕ್ರೇಪ್ ರಬ್ಬರಿನಿಂದ ಉಂಡೆಗಟ್ಟಿಸಿ ಎತ್ತಿ. ಕಲೆ ಹೋಗುವುದಿಲ್ಲ. ಹೋಗಿಸಲೆಂದು ಪೆಟ್ರೋಲ್, ಥಿನ್ನರ್ ಹಚ್ಚಿದರೆ ಅಂಟು ಇನ್ನೂ ಆಳಕ್ಕಿಳಿಯುತ್ತದೆ, ಶಾಯಿ ಹರಡುತ್ತದೆ, ಮನೆಗೆ ಬೆಂಕಿಯ ಅಪಾಯ ಬೇರೆ.

ಪ್ರ: ಒಂದೇ ಒಂದು ಹಾಳೆ ಬಿಚ್ಚಿಬಂದಿದೆ.

ಉ: ಅದರ ಒಳ ಅಂಚನ್ನು ಬಿಟ್ಟು ಉಳಿದದ್ದೆಲ್ಲ ಮುಚ್ಚುವಂತೆ ಬೇರೆ ಕಾಗದ ಇಟ್ಟು, ಕಾಣುವ 3 ಮಿಲಿಮೀಟರ್ ಪಟ್ಟಿಗೆ ಮಾತ್ರ ಸರಿ ಬಳಿಯಿರಿ. ಹಾಳೆಯನ್ನು ಮಡಿಕೆಯ ಆಳಕ್ಕೆ ಕೂರಿಸಿ, ತಲೆ ಬುಡ ಸರಿ ಹೊಂದಿಸಿ ಪುಸ್ತಕ ಮುಚ್ಚಿ. 3 ಮೀರಿದರೆ ಪಕ್ಕದ ಹಾಳೆಯನ್ನೂ ಎಳೆದು ಹರಿಯುತ್ತದೆ. ಹಾಳೆ ಹೊರಗೆ ಇಣುಕಿದರೆ ಒಳ ಅಂಚಿನಲ್ಲೇ ಒಂದು ಮಿಲಿಮೀಟರ್ ಕತ್ತರಿಸಿ ನೋಡಿ, ಹೊರ ಅಂಚು ಕತ್ತರಿಸಬೇಡಿ. ಒಂದೇ ಕಡೆ ನಾಲ್ಕೈದು ಹಾಳೆ ಬಿಚ್ಚಿದ್ದರೆ ಅಲ್ಲಿ ಹೋಗಿರುವುದು ಹೊಲಿಗೆ. ಅಂಟಿನಿಂದ ಅದು ಸರಿಯಾಗದು. ಜೋಡಿ ಹಾಳೆಗಳನ್ನು ಮಡಿಕೆಯಲ್ಲಿ ಜಪಾನೀ ಕಾಗದದಿಂದ ಸೇರಿಸಿ, ಫಾರಂ ಮಾಡಿ, ಹಳೆಯ ತೂತುಗಳಲ್ಲೇ ಲಿನನ್ ದಾರದಿಂದ ಹೊಲಿಯಬೇಕು. ಹೊಸ ತೂತು ಮಾಡಬೇಡಿ, ಮಡಿಕೆ ಚೀಟಿಯ ಹಾಗೆ ಹರಿದುಹೋಗುತ್ತದೆ.

ಪ್ರ: ಬೆನ್ನಿನ ಬಟ್ಟೆ ಪೂರ್ತಿ ಕಳಚಿ ಕೈಗೆ ಬಂದಿದೆ. ಅದರ ಮೇಲೆ ಚಿನ್ನದಕ್ಷರದ ಹೆಸರಿದೆ. ಅದನ್ನೇ ಮತ್ತೆ ಅಂಟಿಸಬಹುದೇ?

ಉ: ನೇರವಾಗಿ ಅಂಟಿಸಿದರೆ ಒಂದು ತಿಂಗಳು ಬಾಳಬಹುದು. ಕಳಚಿದ್ದೇ ಕೀಲಿನ ಬಟ್ಟೆ ಸವೆದು. ಸವೆದ ಅಂಚಿಗೆ ಅಂಟು ಹಾಕಿ ಪ್ರಯೋಜನವಿಲ್ಲ. ಹೊಸ ಬಟ್ಟೆಯ ಬೆನ್ನು ಕಟ್ಟಿ, ಹಳೆಯದನ್ನು ಅದರ ಮೇಲೆ ಅಲಂಕಾರಕ್ಕೆ ಕೂರಿಸಬೇಕು. ಒಂದು ರಜಾದಿನದ ಕೆಲಸ, ನಡುವೆ ಒಣಗಲು ಎರಡು ರಾತ್ರಿ. ಬೆಲೆಯಿಲ್ಲದ ಪುಸ್ತಕವೊಂದರ ಮೇಲೆ ಮೊದಲು ಮಾಡಿ ನೋಡಿ.

ಹಾಳೆಕಟ್ಟು ರಟ್ಟಿಗೆ ಗಟ್ಟಿಯಾಗಿ ಹಿಡಿದಿದ್ದರೆ ರಟ್ಟು ಬಿಡಿಸಬೇಕಿಲ್ಲ. ಪ್ರತಿ ರಟ್ಟಿನ ಮೇಲೆ, ಕೀಲಿನ ಅಂಚಿನಿಂದ 5 ಮಿಲಿಮೀಟರ್ ಒಳಗೆ ಬಟ್ಟೆಯಷ್ಟೇ ಆಳಕ್ಕೆ ಗೀರಿ, ಅಲ್ಲಿಂದ 25 ಮಿಲಿಮೀಟರ್ ಅಗಲಕ್ಕೆ ಹಳೆಯ ಬಟ್ಟೆಯನ್ನು ತೆಳು ಅಲಗಿನಿಂದ ರಟ್ಟಿನಿಂದ ಎಬ್ಬಿಸಿ. ಅಲಗು ಚಪ್ಪಟೆಯಾಗಿ, ರಟ್ಟನ್ನು ಕೆರೆಯುವಂತೆ ಹೋಗಲಿ. ಬಟ್ಟೆಯ ಜೊತೆ ರಟ್ಟಿನ ತೆಳುಪದರ ಬಂದರೂ ಚಿಂತೆಯಿಲ್ಲ, ಬಟ್ಟೆ ಹರಿಯಬಾರದು. ತಲೆ ಬುಡಗಳಲ್ಲಿ ಒಳಕ್ಕೆ ಮಡಿಚಿದ ಬಟ್ಟೆಯನ್ನೂ, ಅದರ ಮೇಲಿನ ಅಸ್ತರು ಹಾಳೆಯನ್ನೂ ಅಷ್ಟೇ ಎಬ್ಬಿಸಿ.

ಈಗ ಹಾಳೆಕಟ್ಟಿನ ಬೆನ್ನು ಬೆತ್ತಲೆ. ಮೇಲೆ ಹಳೆಯ ಕಾಗದ, ಒಣಗಿ ಗಾಜಾದ ಪ್ರಾಣಿಜನ್ಯ ಅಂಟು ಇರುತ್ತದೆ. ಅದರ ಮೇಲೆ ಗಟ್ಟಿ ಸರಿಯನ್ನು ಎರಡು ಮಿಲಿಮೀಟರ್ ದಪ್ಪ ಮೆತ್ತಿ ಕಾಲು ಗಂಟೆ ಬಿಡಿ. ಅಂಟು ಹಲ್ವದಂತೆ ಮೆತ್ತಗಾಗುತ್ತದೆ. ಮೊಂಡು ಸ್ಪ್ಯಾಚುಲಾದಿಂದ, ಫಾರಂಗಳ ಉದ್ದಕ್ಕೆ ತಳ್ಳಿ ತೆಗೆಯಿರಿ. ಅಡ್ಡಲಾಗಿ ಕೆರೆದರೆ ಹೊಲಿಗೆ ದಾರ ಸಿಕ್ಕಿಕೊಳ್ಳುತ್ತದೆ. ಒಂದೇ ಸಲಕ್ಕೆ ಪೂರ್ತಿ ಬರದಿದ್ದರೆ ಇನ್ನೊಮ್ಮೆ ಮೆತ್ತಿ. ಹೆಚ್ಚು ಹೊತ್ತು ಬಿಟ್ಟರೆ ತೇವ ಹಾಳೆಗಳ ಮಡಿಕೆಗೆ ಇಳಿಯುತ್ತದೆ. ಒಣಗಿದ ಮೇಲೆ ಒಂದು ಪದರ ಜಪಾನೀ ಕಾಗದವನ್ನು ಸರಿಯಿಂದ ಬೆನ್ನಿಗೆ ಅಂಟಿಸಿ. ಮುಂದೆ ಎಂದಾದರೂ ಬಿಚ್ಚಬೇಕಾದರೆ ಈ ಪದರವೇ ದಾರಿ ಮಾಡಿಕೊಡುವುದು.

ಮುಂದಿನದು ಕೊಳವೆ. ಗಟ್ಟಿಮುಟ್ಟಾದ ಕಾಗದವನ್ನು ಬೆನ್ನಿನ ಉದ್ದಕ್ಕೆ, ಬೆನ್ನಿನ ಮೂರು ಪಟ್ಟು ಅಗಲಕ್ಕೆ ಕತ್ತರಿಸಿ. ನಾರು ಉದ್ದಕ್ಕಿರಲಿ. ಮೂರು ಸಮ ಪಾಲಾಗಿ ಮಡಿಚಿ. ಮೂರನೆಯ ಪಾಲು ಮೊದಲನೆಯದರ ಮೇಲೆ ಕೂರುವಂತೆ ಅವೆರಡನ್ನು ಮಾತ್ರ ಅಂಟಿಸಿದರೆ ಚಪ್ಪಟೆ ಕೊಳವೆಯಾಗುತ್ತದೆ. ಒಂದು ಮೈ ಒಂಟಿ ಪದರ, ಇನ್ನೊಂದು ಮೈ ಜೋಡಿ ಪದರ. ಒಂಟಿ ಪದರ ಹಾಳೆಕಟ್ಟಿಗೆ, ಜೋಡಿ ಪದರ ಹೊರಗೆ. ತಿರುಗುಮುರುಗಾದರೆ ಬೆನ್ನು ಬಿರುಸಾಗುತ್ತದೆ. ಪಿವಿಎ ಮಿಶ್ರಣದಿಂದ ಅಂಟಿಸಿ, ಒಣಗಿದ ಮೇಲೆ ಕೊಳವೆಯ ಎರಡೂ ಪಕ್ಕದ ಮಡಿಕೆಗಳನ್ನು ತಲೆ ಬುಡಗಳಲ್ಲಿ 20 ಮಿಲಿಮೀಟರ್ ಸೀಳಿ. ಹೊಸ ಬಟ್ಟೆಯ ಮಡಿಕೆ ಈ ಸೀಳಿನೊಳಗೆ ತೂರಬೇಕು.

ಬಟ್ಟೆಯ ಅಳತೆಗೆ ಒಂದು ಉದಾಹರಣೆ. ಬೆನ್ನು 30 ಮಿಲಿಮೀಟರ್, ಕೀಲಿನ ತೋಡು ತಲಾ 8, ರಟ್ಟಿನ ಮೇಲೆ ಹತ್ತುವುದು ತಲಾ 25. ಒಟ್ಟು ಅಗಲ 96. ಎತ್ತರ ರಟ್ಟಿನಷ್ಟು, ಜೊತೆಗೆ ಮಡಿಚಲು ತಲೆಗೆ 15, ಬುಡಕ್ಕೆ 15. ಬೈಂಡಿಂಗಿಗೆಂದೇ ಹಿಂದೆ ಕಾಗದ ಅಂಟಿಸಿದ ಬಟ್ಟೆಯನ್ನೇ ಬಳಸಿ. ಬರೀ ಬಟ್ಟೆಯಾದರೆ ಅಂಟು ಹೊರಕ್ಕೆ ಜಿನುಗಿ ಹೊಳೆಯುವ ಕಲೆ ಬೀಳುತ್ತದೆ. ಮೊದಲು ಬೆನ್ನಿನ ಕೊಳವೆಗೆ ಅಂಟಿಸಿ, ಆಮೇಲೆ ಕೀಲಿನ ತೋಡಿಗೆ ಬೋನ್ ಫೋಲ್ಡರಿನಿಂದ ಒತ್ತಿ, ಕೊನೆಗೆ ಎಬ್ಬಿಸಿದ ಹಳೆಯ ಬಟ್ಟೆಯ ಕೆಳಗೆ, ರಟ್ಟಿನ ಮೇಲೆ. ಈ ಕ್ರಮ ತಪ್ಪಿ ರಟ್ಟಿಗೇ ಮೊದಲು ಅಂಟಿಸಿದರೆ ತೋಡಿಗೆ ಇಳಿಯಲು ಬಟ್ಟೆ ಸಾಲದೆ ಬಿಗಿಯಾಗುತ್ತದೆ. ಆ ರಟ್ಟು ಮುಂದೆ ತೆರೆಯುವಾಗ ಮೊದಲ ಹತ್ತು ಹಾಳೆಯನ್ನೂ ಎಳೆದುಕೊಂಡೇ ಏಳುತ್ತದೆ. ತಲೆ ಬುಡದ ಅಂಚುಗಳನ್ನು ಕೊಳವೆಯ ಸೀಳಿಗೂ, ಅಸ್ತರು ಹಾಳೆಯ ಕೆಳಗೂ ಮಡಿಚಿ. ಮೇಣಕಾಗದ, ತೋಡಿನಲ್ಲಿ ಕಡ್ಡಿ, ಹಲಗೆ, ಭಾರ, ಒಂದು ರಾತ್ರಿ.

ಮರುದಿನ ಎಬ್ಬಿಸಿದ ಹಳೆಯ ಬಟ್ಟೆಯನ್ನು ಹೊಸದರ ಮೇಲೆ ಅಂಟಿಸಿ. ಹಳೆಯ ಬೆನ್ನಿನ ತುಂಡಿನ ಹಿಂದಿರುವ ಕಾಗದವನ್ನು ಆದಷ್ಟು ಸುಲಿದು ತೆಳ್ಳಗೆ ಮಾಡಿ, ನೂಲೆದ್ದ ಅಂಚನ್ನು ಕೂದಲೆಳೆಯಷ್ಟು ಒಪ್ಪ ಮಾಡಿ, ಸರಿಯಿಂದ ಕೂರಿಸಿ, ಮೃದುವಾದ ಬಟ್ಟೆಪಟ್ಟಿ ಸುತ್ತಿ ಒಣಗಿಸಿ. ಚಿನ್ನದಕ್ಷರದ ಮೇಲೆ ನೇರವಾಗಿ ಬೆರಳೊತ್ತಬೇಡಿ, ನಡುವೆ ಮೇಣಕಾಗದವಿರಲಿ.

ಪ್ರ: ಚರ್ಮದ ರಟ್ಟು ಮುಟ್ಟಿದರೆ ಕೆಂಪು ಪುಡಿ ಕೈಗಂಟುತ್ತದೆ. ಎಣ್ಣೆ ಹಚ್ಚಲೇ?

ಉ: ಎಣ್ಣೆ ಬೇಡ, ನೀರಂತೂ ಬೇಡವೇ ಬೇಡ. ಸಸ್ಯದ ತೊಗಟೆಯಿಂದ ಹದ ಮಾಡಿದ ಚರ್ಮ ಗಾಳಿಯಲ್ಲಿನ ಗಂಧಕದ ಅನಿಲ ಹೀರಿ, ಒಳಗೆ ಆಮ್ಲವಾಗಿ, ನಾರು ಪುಡಿಯಾಗುತ್ತದೆ. ಆ ಸ್ಥಿತಿಯ ಚರ್ಮಕ್ಕೆ ನೀರಿನ ಸರಿ ತಾಗಿದರೆ ಕ್ಷಣದಲ್ಲಿ ಕಪ್ಪಾಗಿ ಸುಟ್ಟಂತೆ ಬಿರುಸಾಗುತ್ತದೆ. ಹಿಂದೆ ಗ್ರಂಥಾಲಯಗಳಲ್ಲೂ ಎಣ್ಣೆ ಹಚ್ಚುತ್ತಿದ್ದರು. ಅದು ಜಿಗುಟಾಗಿ ಧೂಳು ಹಿಡಿಯುತ್ತದೆ, ಹಾಳೆಗೂ ಇಳಿಯುತ್ತದೆ ಎಂದು ಕಂಡು ಕೈಬಿಟ್ಟರು. ಪುಡಿ ನಿಲ್ಲಿಸಲು ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ (ಕ್ಲೂಸೆಲ್ ಜಿ) 2 ಗ್ರಾಂ ಅನ್ನು 100 ಮಿಲಿಲೀಟರ್ ಈಥೈಲ್ ಆಲ್ಕೋಹಾಲಿನಲ್ಲಿ ಒಂದು ರಾತ್ರಿ ಕರಗಲು ಬಿಟ್ಟು, ತೆಳ್ಳಗೆ ಒಂದು ಕೈ ಹಚ್ಚಿ. ಕಿಟಕಿ ತೆರೆದಿರಲಿ, ಒಲೆ ದೂರವಿರಲಿ. ಬಣ್ಣ ತುಸು ಗಾಢವಾಗುತ್ತದೆ, ಮೂಲೆಯಲ್ಲಿ ಪರೀಕ್ಷಿಸಿ. ಚರ್ಮ ಮತ್ತೆ ಹೊಸದಾಗುವುದಿಲ್ಲ, ಪುಡಿ ಉದುರುವುದು ನಿಲ್ಲುತ್ತದೆ ಅಷ್ಟೇ.

ಪ್ರ: ಮುಗ್ಗಲು ವಾಸನೆ, ರಟ್ಟಿನ ಮೇಲೆ ಬಿಳಿ ಬೂಷ್ಟು.

ಉ: ಮೊದಲು ಆ ಪುಸ್ತಕವನ್ನು ಉಳಿದವುಗಳಿಂದ ದೂರ ಮಾಡಿ. ಬೂಷ್ಟು ಒರೆಸಿದಾಗ ಮೇಣದಂತೆ ಮೆತ್ತಿಕೊಂಡರೆ ಜೀವಂತ, ಪುಡಿಯಾಗಿ ಹಾರಿದರೆ ಒಣಗಿದ್ದು. ಜೀವಂತವಿರುವಾಗ ಉಜ್ಜಿದರೆ ಬಟ್ಟೆಯ ಎಳೆಯೊಳಗೆ ತುರುಕಿದಂತೆ. ಒಣ ಗಾಳಿಯಾಡುವ ಕೋಣೆಯಲ್ಲಿ, ಹಾಳೆ ಬಿಡಿಸಿ ನಿಲ್ಲಿಸಿ ಪೂರ್ತಿ ಒಣಗಲು ಬಿಡಿ. ಆಮೇಲೆ ಎನ್95 ಮುಖಗವಸು ಹಾಕಿ, ಮನೆಯ ಹೊರಗೆ, ಮೃದು ಬ್ರಷ್ಷಿನಿಂದ ಬೆನ್ನಿನಿಂದ ಹೊರಕ್ಕೆ ಗುಡಿಸಿ. ಬ್ಲೀಚ್, ಫಿನಾಯಿಲ್ ಬೇಡ.

ಗಾಳಿಯ ಆರ್ದ್ರತೆ ಶೇಕಡಾ 65 ದಾಟಿ ನಿಂತಿತೆಂದರೆ ಬೂಷ್ಟಿಗೆ ಆಹ್ವಾನ ಕೊಟ್ಟಂತೆ. ಪುಸ್ತಕ ಎಷ್ಟು ಗುಡಿಸಿ ಒಪ್ಪ ಮಾಡಿದರೂ ಅದೇ ಕಪಾಟಿಗೆ ಹೋದರೆ ಅದೇ ಕಥೆ. ಸಣ್ಣ ಆರ್ದ್ರತಾ ಮಾಪಕವೊಂದನ್ನು ಕಪಾಟಿನೊಳಗಿಡಿ, ಕಪಾಟನ್ನು ಹೊರಗೋಡೆಯಿಂದ ಒಂದು ಗೇಣು ಸರಿಸಿ. ಉಳಿದ ವಾಸನೆಗೆ, ಮುಚ್ಚಳವಿರುವ ಡಬ್ಬಿಯಲ್ಲಿ ಒಂದು ಬಟ್ಟಲು ಅಡುಗೆ ಸೋಡಾ ಅಥವಾ ಸಕ್ರಿಯ ಇದ್ದಿಲು ಇಟ್ಟು, ತಾಗದಂತೆ ಪುಸ್ತಕವನ್ನು ಎರಡು ವಾರ ಬಿಡಿ. ಸೋಡಾವನ್ನು ಹಾಳೆಗಳ ನಡುವೆ ಚಿಮುಕಿಸುವವರೂ ಇದ್ದಾರೆ. ಮಡಿಕೆಯಿಂದ ಅದನ್ನು ಪೂರ್ತಿ ತೆಗೆಯಲು ಯಾರಿಗೂ ಆಗಿಲ್ಲ.

ಪ್ರ: ಹಾಳೆಗಳಲ್ಲಿ ಸೂಜಿ ಚುಚ್ಚಿದಂಥ ತೂತುಗಳು. ಹುಳ ಇನ್ನೂ ಇದೆಯೇ ಎಂದು ತಿಳಿಯುವುದು ಹೇಗೆ? ನುಸಿಗುಳಿಗೆ ಸಾಕೇ?

ಉ: ಪುಸ್ತಕ ಕೊಡವಿ, ಕಪ್ಪು ಕಾಗದದ ಮೇಲೆ ಒಂದು ವಾರ ಇಡಿ. ಸುತ್ತ ಹೊಸದಾಗಿ ಸಣ್ಣ ಹಿಟ್ಟು ಬಿದ್ದಿದ್ದರೆ ಒಳಗೆ ಮರಿಹುಳ ಕೊರೆಯುತ್ತಿದೆ. ನುಸಿಗುಳಿಗೆಯ ಆವಿ ಮನುಷ್ಯರಿಗೂ ಕೆಟ್ಟದ್ದು. ಕೊರೆದ ಸುರಂಗದ ಆಳಕ್ಕೆ ಅದರ ಭರವಸೆಯಿಲ್ಲ.

ಫ್ರೀಜರ್ ಒಳ್ಳೆಯದು. ಪುಸ್ತಕವನ್ನು ಕಾಗದದಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಇನ್ನೊಂದು ಚೀಲದಲ್ಲಿ ಹಾಕಿ. ಮೈನಸ್ 18 ಡಿಗ್ರಿಯ ಮನೆಯ ಫ್ರೀಜರಿನಲ್ಲಿ ಎರಡು ವಾರ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ತಣ್ಣನೆಯ ಲೋಟದ ಹೊರಮೈಯಂತೆ ಹನಿ ಕಟ್ಟುವುದು ಚೀಲದ ಮೇಲಾಗಲಿ, ಪುಸ್ತಕದ ಮೇಲಲ್ಲ.

ಪ್ರ: ಹಾಳೆಗಳು ಹಪ್ಪಳದಂತೆ ಮುರಿಯುತ್ತಿವೆ. ಲ್ಯಾಮಿನೇಷನ್ ಮಾಡಿಸಲೇ?

ಉ: ಬೇಡ. ಬಿಸಿಯಲ್ಲಿ ಕರಗಿಸಿ ಅಂಟಿಸಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬಾರದು, ಒಳಗಿನ ಆಮ್ಲ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಕಾರಣ ಕಾಗದದಲ್ಲೇ ಇದೆ. ಶಾಯಿ ಹರಡದಂತೆ ಪಟಿಕ (ಆಲಂ) ಮತ್ತು ರಾಳ ಸೇರಿಸುವ ವಿಧಾನವನ್ನು ಜರ್ಮನಿಯ ಮೊರಿಟ್ಸ್ ಇಲ್ಲಿಗ್ 1807ರಲ್ಲಿ ಪ್ರಕಟಿಸಿದ. 1840ರ ದಶಕದಲ್ಲಿ ಮರ ಅರೆದು ಕಾಗದ ಮಾಡುವುದು ಬಂತು. ಎರಡೂ ಸೇರಿ ಅಗ್ಗದ, ಆದರೆ ಹುಟ್ಟಿನಿಂದಲೇ ಆಮ್ಲೀಯವಾದ ಕಾಗದ ಆಯಿತು. 1700ರ ಚಿಂದಿಬಟ್ಟೆಯ ಕಾಗದ ಇಂದಿಗೂ ಬಾಗುತ್ತದೆ, 1900ರದು ಪುಡಿಯಾಗುತ್ತದೆ. ಮೆಗ್ನೀಸಿಯಂ ಆಕ್ಸೈಡ್ ಇರುವ ಆಮ್ಲನಿವಾರಕ ಸ್ಪ್ರೇ ಆಮ್ಲವನ್ನು ತಡೆಯುತ್ತದೆ, ಹೋದ ಬಲ ಮರಳಿಸದು. ಮುರಿಯತೊಡಗಿದ ಪುಸ್ತಕಕ್ಕೆ ತಡವಾಯಿತು. ರಟ್ಟನ್ನು 100 ಡಿಗ್ರಿಗಿಂತ ಹೆಚ್ಚು ತೆರೆಯದೆ ಪ್ರತಿ ಪುಟದ ಫೋಟೊ ತೆಗೆದು, ಪುಸ್ತಕವನ್ನು ಆಮ್ಲರಹಿತ ಪೆಟ್ಟಿಗೆಯಲ್ಲಿ ಮಲಗಿಸಿ. ಮೂಲೆ ಮಡಿಚಿ ‘ಎಷ್ಟು ಸಲಕ್ಕೆ ಮುರಿಯುತ್ತದೆ’ ಎಂಬ ಪರೀಕ್ಷೆ ಮಾಡಲು ಹೋಗಬೇಡಿ.

ಪ್ರ: ಪುಸ್ತಕಗಳು ನೆನೆದವು. ಬಿಸಿಲಿಗಿಡಬಹುದೇ?

ಉ: ಬಿಸಿಲಿಗಿಟ್ಟರೆ ರಟ್ಟು ಕೊಂಬಿನಂತೆ ಬಾಗುತ್ತದೆ. ಕೈಯಲ್ಲಿ ಸಮಯ ಕಮ್ಮಿ, 48 ಗಂಟೆಯೊಳಗೆ ಬೂಷ್ಟು ಶುರು. ಒಣಗಿಸಲಾಗುವುದಕ್ಕಿಂತ ಹೆಚ್ಚಿದ್ದರೆ ಉಳಿದವನ್ನು ಮೇಣಕಾಗದದಲ್ಲಿ ಸುತ್ತಿ ಫ್ರೀಜರಿಗೆ ಹಾಕಿ, ಒಂದೊಂದಾಗಿ ತೆಗೆದುಕೊಳ್ಳಿ. ತೊಟ್ಟಿಕ್ಕುವ ಪುಸ್ತಕವನ್ನು ತೆರೆಯಬೇಡಿ, ಹೀರುವ ಕಾಗದದ ಮೇಲೆ ನಿಲ್ಲಿಸಿ ನೀರಿಳಿಸಿ. ತೆರೆಯಲು ಬಂದ ಮೇಲೆ ಹತ್ತತ್ತು ಹಾಳೆಗೊಂದರಂತೆ ಅಚ್ಚಿಲ್ಲದ ಹೀರುಕಾಗದ ಇಡಿ. ಒಟ್ಟು ದಪ್ಪ ಪುಸ್ತಕದ ಐದನೇ ಒಂದು ಭಾಗ ಮೀರಿದರೆ ಬೆನ್ನು ಬಿರಿಯುತ್ತದೆ. ಮೊದಲ ದಿನ ಗಂಟೆಗೊಮ್ಮೆ ಬದಲಿಸಿ. ಫ್ಯಾನ್ ಓಡಲಿ, ಗಾಳಿ ನೇರ ಪುಸ್ತಕಕ್ಕೆ ಬಡಿಯದಿರಲಿ. ಒಣಗಿತೇ ಎಂದು ನೋಡಲು ಹಾಳೆಯನ್ನು ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ಒಳಗಿನ್ನೂ ತೇವವಿದೆ. ಪೂರ್ತಿ ಆರುವ ಸ್ವಲ್ಪ ಮೊದಲು ಮುಚ್ಚಿ ಭಾರದಡಿ ಇಟ್ಟರೆ ಅಲೆಅಲೆ ಕಮ್ಮಿಯಾಗುತ್ತದೆ. ಆರ್ಟ್ ಪೇಪರಿನ ಚಿತ್ರಪುಟಗಳು ಒಣಗುತ್ತಾ ಒಂದಕ್ಕೊಂದು ಇಟ್ಟಿಗೆಯಾಗಿಬಿಡುತ್ತವೆ. ಅವನ್ನು ಒದ್ದೆಯಿರುವಾಗಲೇ ಪುಟಪುಟಕ್ಕೂ ಮೇಣಕಾಗದ ಇಟ್ಟು ಬಿಡಿಸಬೇಕು.

ಪ್ರ: ಹಳೆಯ ಇಂಗ್ಲಿಷ್ ಪುಸ್ತಕವೊಂದರ ಹಸಿರು ರಟ್ಟು ವಿಷ ಎಂದು ಯಾರೋ ಹೇಳಿದರು. ನಿಜವೇ?

ಉ: ಎಲ್ಲ ಹಸಿರೂ ಅಲ್ಲ. 19ನೇ ಶತಮಾನದ ಮಧ್ಯಭಾಗದಲ್ಲಿ ಬಟ್ಟೆಗೆ ಹಾಕುತ್ತಿದ್ದ ಪಚ್ಚೆಹಸಿರು ಬಣ್ಣದಲ್ಲಿ ತಾಮ್ರ ಮತ್ತು ಆರ್ಸೆನಿಕ್ ಇರುತ್ತಿತ್ತು. ಅಮೆರಿಕದ ವಿಂಟರ್‌ಥರ್ ಸಂಸ್ಥೆ 2019ರಿಂದ ಇಂಥ ಪುಸ್ತಕಗಳನ್ನು ಗುರುತಿಸುತ್ತಿದೆ. ಆ ಕಾಲದ ಹೊಳೆಯುವ ಹಸಿರು ರಟ್ಟಿದ್ದರೆ ನೈಟ್ರೈಲ್ ಕೈಗವಸು ಹಾಕಿ, ಜಿಪ್ ಚೀಲದಲ್ಲಿಡಿ, ಉಜ್ಜುವ, ಕೆರೆಯುವ ಯಾವ ದುರಸ್ತಿಯನ್ನೂ ಮಾಡಬೇಡಿ.

ಪ್ರ: ಹಾಗಾದರೆ ಬೇರೆ ಪುಸ್ತಕಗಳನ್ನೂ ಕೈಗವಸು ಹಾಕಿಯೇ ಮುಟ್ಟಬೇಕೇ? ಕಪಾಟಿನಲ್ಲಿ ಇಡುವ ಕ್ರಮವನ್ನೂ ತಿಳಿಸಿ.

ಉ: ಬೇಡ. ತೊಳೆದು ಒರೆಸಿದ ಬರಿಗೈಯೇ ಲೇಸು. ಹತ್ತಿಯ ಗವಸಿನಲ್ಲಿ ಬೆರಳಿಗೆ ಸ್ಪರ್ಶ ತಿಳಿಯದೆ ಹಾಳೆ ಹರಿಯುತ್ತದೆ. ಪುಸ್ತಕಗಳನ್ನು ನೇರ ನಿಲ್ಲಿಸಿ, ಓರೆಯಾಗಿ ಒರಗಿಸಬೇಡಿ. ಎರಡು ಕಿಲೋ ಮೀರಿದ್ದನ್ನು ಮಲಗಿಸಿ. ಹೊರಹೊದಿಕೆಗೆ ಪಾಲಿಯೆಸ್ಟರ್ ಹಾಳೆಯ ಕವರ್ ಆಗಬಹುದು. ಪಿವಿಸಿ ಬೇಡ, ಅದು ಬಿಸಿಗೆ ಬೆವರಿ ರಟ್ಟಿಗೆ ಅಂಟುತ್ತದೆ. ತೆಗೆಯುವಾಗ ಬೆನ್ನಿನ ತುದಿಗೆ ಬೆರಳು ಸಿಕ್ಕಿಸಿ ಎಳೆಯಬೇಡಿ. ಅಕ್ಕಪಕ್ಕದ ಎರಡು ಪುಸ್ತಕಗಳನ್ನು ಎರಡಂಗುಲ ಒಳಕ್ಕೆ ತಳ್ಳಿದರೆ ಬೇಕಾದ ಪುಸ್ತಕದ ನಡು ಕೈಗೆ ಸಿಗುತ್ತದೆ.